ಚಳಿಗಾಲದ ತರಬೇತಿ: ತೊಡೆ ನೋಯುತ್ತಿರುವಾಗ ಸೈಕಲ್ ತುಳಿಯುವುದು ಹೇಗೆ?

ವಿಜಯಪುರ, ಬಾಗಲಕೋಟೆಯ ಸೈಕ್ಲಿಂಗ್ ಪಟುಗಳಿಂದ ಹಿಡಿದು ಬೆಂಗಳೂರಿನಿಂದ ನಂದಿ ಬೆಟ್ಟದತ್ತ ಹೊರಡುವ ಹವ್ಯಾಸಿಗಳವರೆಗೆ ಎಲ್ಲರಿಗೂ ಡಿಸೆಂಬರ್ ಮತ್ತು ಜನವರಿ ಶಕ್ತಿ ಕೂಡಿಸಿಕೊಳ್ಳುವ ತಿಂಗಳುಗಳು. ಬಿಸಿಲಿನ ಕಾಟವಿಲ್ಲದ್ದರಿಂದ ದೂರವನ್ನು ಹೆಚ್ಚಿಸಿಕೊಳ್ಳಬಹುದು. ಅದರ ಜೊತೆಗೆ ಹಲವರು ಬಸ್ಕಿ, ಭಾರ ಎತ್ತುವಿಕೆ ಮತ್ತು ಓಟವನ್ನೂ ಶುರುಮಾಡುತ್ತಾರೆ. ಮರುದಿನವೋ ಅದರ ಮರುದಿನವೋ ಮೆಟ್ಟಿಲು ಇಳಿಯಲು ಆಗದಷ್ಟು ತೊಡೆ ಹಿಡಿದುಕೊಳ್ಳುತ್ತದೆ. ಆಗ ಕೆಲವರು ವಾರವಿಡೀ ಸೈಕಲ್ ಮುಟ್ಟುವುದಿಲ್ಲ, ಇನ್ನು ಕೆಲವರು ಹಟಕ್ಕೆ ಬಿದ್ದು ಗುಂಪಿನ ವೇಗಕ್ಕೆ ತುಳಿಯುತ್ತಾರೆ. ಈ ಎರಡೂ ಬೇಡ. ಇಂಥ ನೋವಿನ ನಡುವೆಯೂ ಸೈಕಲ್ ತುಳಿಯಬಹುದು, ಆದರೆ ಆ ಸವಾರಿಯ ಉದ್ದೇಶ ಬೇರೆಯಾಗಿರಬೇಕು.

ನೋವು ಲ್ಯಾಕ್ಟಿಕ್ ಆಮ್ಲದಿಂದ ಬರುತ್ತದೆ ಎಂಬ ನಂಬಿಕೆ ಇನ್ನೂ ಬಲವಾಗಿದೆ. ವ್ಯಾಯಾಮದಲ್ಲಿ ಹೆಚ್ಚಾದ ಲ್ಯಾಕ್ಟೇಟ್ (ದೇಹದಲ್ಲಿ ಈ ಆಮ್ಲ ಇರುವ ರೂಪ) ಸುಮಾರು ಒಂದು ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯುತ್ತದೆಯಾದ್ದರಿಂದ, ಎರಡು ದಿನಗಳ ನಂತರದ ನೋವಿಗೆ ಅದು ಕಾರಣವಾಗಲಾರದು. ತಡವಾಗಿ ಕಾಣಿಸಿಕೊಳ್ಳುವ ನೋವು ಮಾಂಸಖಂಡದ ಒಳಗಿನ ಸಣ್ಣ ಸೀಳುಗಳಿಂದ ಬರುತ್ತದೆಂದು ಅಮೆರಿಕದ ಶರೀರಶಾಸ್ತ್ರಜ್ಞ ಥಿಯೋಡರ್ ಹಫ್ 1902ರಲ್ಲೇ ಸೂಚಿಸಿದ್ದರು. ಮಾಂಸಖಂಡವು ಭಾರವನ್ನು ತಡೆಯುತ್ತಲೇ ಉದ್ದವಾಗಬೇಕಾದಾಗ, ಎಂದರೆ ಬಸ್ಕಿಯಲ್ಲಿ ಕೆಳಗೆ ಕೂರುವಾಗ ಅಥವಾ ಇಳಿಜಾರಿನಲ್ಲಿ ಓಡುವಾಗ, ಈ ಹಾನಿ ಹೆಚ್ಚು. ಪೆಡಲ್ ತುಳಿಯುವಾಗ ತೊಡೆಯ ಮಾಂಸಖಂಡ ಬಹುಪಾಲು ಕುಗ್ಗುತ್ತಲೇ ಕೆಲಸ ಮಾಡುತ್ತದೆ. ಹಾಗಾಗಿಯೇ ಮೈಸೂರಿನ ಚಾಮುಂಡಿ ಬೆಟ್ಟವನ್ನು ಸೈಕಲ್‌ನಲ್ಲಿ ಹತ್ತಿದವರಿಗಿಂತ ಅದರ ಮೆಟ್ಟಿಲುಗಳನ್ನು ಓಡುತ್ತಾ ಇಳಿದವರಿಗೆ ಮರುದಿನ ತೊಡೆ ಹೆಚ್ಚು ನೋಯುತ್ತದೆ. ಚಳಿಗಾಲದ ತೊಡೆ ನೋವಿಗೆ ಅನೇಕ ಬಾರಿ ಸೈಕಲ್ ಕಾರಣವೇ ಅಲ್ಲ ಎಂಬುದನ್ನು ಸವಾರರು ಅರಿತರೆ ಮುಂದಿನದೆಲ್ಲ ಸುಲಭ.

ಮೊದಲು ಮಾಡಬೇಕಾದದ್ದು ನೋವನ್ನು ಗುರುತಿಸುವ ಕೆಲಸ. ಶ್ರಮಪಟ್ಟ 12ರಿಂದ 24 ಗಂಟೆಗಳ ನಂತರ ಶುರುವಾಗಿ, ಒಂದರಿಂದ ಮೂರು ದಿನಗಳ ನಡುವೆ ಏರಿ, ವಾರದೊಳಗೆ ಇಳಿಯುವ, ಎರಡೂ ಕಾಲುಗಳಲ್ಲಿ ಹರಡಿಕೊಂಡಿರುವ, ಒತ್ತಿದರೆ ನೋಯುವ ಬಿಗಿತ ಸಾಮಾನ್ಯವಾದದ್ದು. ಒಂದೇ ಕಾಲಿನಲ್ಲಿ, ಒಂದೇ ಬಿಂದುವಿನಲ್ಲಿ ಚುಚ್ಚುವ ನೋವು, ತುಳಿಯುತ್ತಿರುವಾಗ ಥಟ್ಟನೆ ಹುಟ್ಟಿದ ನೋವು, ಮಂಡಿಯ ಕೀಲಿನ ನೋವು ಇವು ಬೇರೆ. ಇವುಗಳಿದ್ದರೆ ಸವಾರಿ ಬೇಡ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಾಗಿದೆಯೇ, ಹಿಂಭಾಗ ನೋಯುತ್ತಿದ್ದರೆ ಸೀಟು ಎತ್ತರವಾಗಿದೆಯೇ ಎಂದೂ ನೋಡಬೇಕು. ತೊಡೆ ವಿಪರೀತ ಊದಿಕೊಂಡು, ಕಾಲು ಎತ್ತಲಾಗದಷ್ಟು ಸೋತು, ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ಒಡೆದ ಮಾಂಸಖಂಡದ ಅಂಶಗಳು ಮೂತ್ರಪಿಂಡಕ್ಕೆ ಅಪಾಯ ತರಬಲ್ಲವು.

ನೋವು ಸಾಮಾನ್ಯವಾದದ್ದೆಂದು ಖಚಿತವಾದ ಮೇಲೆ ಮೈ ಬೆಚ್ಚಗಾಗಿಸಿಕೊಳ್ಳಬೇಕು. ತಣ್ಣಗಿರುವ ಮಾಂಸಖಂಡ ನಿಧಾನವಾಗಿ ಕುಗ್ಗುತ್ತದೆ, ಅದರ ಬಲವೂ ಕಡಿಮೆ. ಮನೆಯೊಳಗೇ ಐದು ನಿಮಿಷ ನಡೆದಾಡಿ, ಕಾಲು ಬೀಸಿ, ಮಂಡಿ ಮಡಚಿ ಬಿಡಿಸಿ ಹೊರಡಿ. ಉಷ್ಣಾಂಶ 15 ಡಿಗ್ರಿಗಿಂತ ಕೆಳಗಿದ್ದರೆ ಮಂಡಿ ಮುಚ್ಚುವ ಉಡುಪು ಇರಲಿ. ಮುಂಜಾನೆಯ ಮಂಜಿನಲ್ಲೇ ಹೊರಡಬೇಕೆಂಬ ನಿಯಮವೇನೂ ಇಲ್ಲ. ನೋವಿರುವ ದಿನ ಎಂಟು ಗಂಟೆಯ ಎಳೆಬಿಸಿಲು ಕಾಲಿಗೂ ಹಿತ, ವಾಹನ ಸವಾರರಿಗೂ ನೀವು ಚೆನ್ನಾಗಿ ಕಾಣುತ್ತೀರಿ.

ಸವಾರಿ 30ರಿಂದ 45 ನಿಮಿಷ ಸಾಕು. ಸಮತಟ್ಟಾದ ರಸ್ತೆ ಆರಿಸಿ, ಹಗುರ ಗೇರ್ ಹಾಕಿ, ನಿಮಿಷಕ್ಕೆ 85ರಿಂದ 95 ಸುತ್ತಿನಂತೆ, ಪೆಡಲ್ ಮೇಲೆ ಭಾರ ಹಾಕದೆ ತುಳಿಯಿರಿ. ಪಕ್ಕದವರೊಂದಿಗೆ ಏದುಸಿರಿಲ್ಲದೆ ಪೂರ್ತಿ ವಾಕ್ಯಗಳಲ್ಲಿ ಮಾತನಾಡುವಂತಿರಬೇಕು. ಹೃದಯ ಬಡಿತ ಅಳೆಯುವವರು ತಮ್ಮ ಗರಿಷ್ಠ ಬಡಿತದ ಶೇ 65 ಮೀರದಂತೆ ನೋಡಿಕೊಳ್ಳಬೇಕು. ಸೀಟಿನಿಂದ ಎದ್ದು ತುಳಿಯುವುದು, ಮೇಲ್ಸೇತುವೆಯ ಏರು, ಸ್ಪರ್ಧೆಗಿಳಿಯುವ ಗೆಳೆಯರು ಇವೆಲ್ಲ ಇನ್ನೊಂದು ದಿನಕ್ಕಿರಲಿ. ಬಯಲುಸೀಮೆಯಲ್ಲಿ ಎದುರುಗಾಳಿಯೂ ಏರಿನಷ್ಟೇ ಭಾರವಾಗುತ್ತದೆ, ಆದ್ದರಿಂದ ಗೇರ್ ಇಲ್ಲದ ಸೈಕಲ್ ಇರುವವರು ಗಾಳಿಯ ದಿಕ್ಕನ್ನು ನೋಡಿಯೇ ದಾರಿ ಆರಿಸಬೇಕು. ಹತ್ತು ನಿಮಿಷದೊಳಗೆ ಬಿಗಿತ ಸಡಿಲವಾದರೆ ಮುಂದುವರಿಯಿರಿ. ನೋವು ಹೆಚ್ಚುತ್ತಾ ಹೋದರೆ ಅಥವಾ ಒಂದು ಕಾಲನ್ನು ಉಳಿಸಿಕೊಂಡು ಇನ್ನೊಂದರಲ್ಲೇ ತುಳಿಯುತ್ತಿದ್ದೀರೆಂದು ಗೊತ್ತಾದರೆ ಅಲ್ಲಿಂದಲೇ ಹಿಂತಿರುಗಿ. ಈ ಸವಾರಿಯಿಂದ ರಕ್ತಸಂಚಾರ ಹೆಚ್ಚಿ ನೋವು ಕೆಲ ಹೊತ್ತು ತಗ್ಗುತ್ತದೆ. ಗಾಯ ಮಾಯುವುದಕ್ಕೆ ಮಾತ್ರ ಅದರದೇ ಸಮಯ ಬೇಕು. ನೋವು ತಗ್ಗಿತೆಂದು ಅದೇ ದಿನ ವೇಗ ಹೆಚ್ಚಿಸಬಾರದೆನ್ನುವುದು ಈ ಕಾರಣಕ್ಕೇ.

ಮನೆಗೆ ಬಂದ ಮೇಲೆ ಬೆವರಿನ ಬಟ್ಟೆ ಬದಲಿಸಿ. ಚಳಿಯಲ್ಲಿ ಬಾಯಾರಿಕೆ ಕಡಿಮೆಯಾದರೂ ಬೆವರು ಹರಿದೇ ಇರುತ್ತದೆ, ಆದ್ದರಿಂದ ನೀರು ಕುಡಿಯುವುದನ್ನು ಮರೆಯಬಾರದು. ಒಂದು ಹೊತ್ತಿಗೆ 20 ಗ್ರಾಂ ಪ್ರೋಟೀನ್ ಸಿಗುವಂತೆ ಊಟ ಮಾಡಿ: ಮೂರು ಮೊಟ್ಟೆಯಲ್ಲಿ ಸುಮಾರು 18 ಗ್ರಾಂ, 50 ಗ್ರಾಂ ಒಣ ಹೆಸರುಕಾಳಿನಲ್ಲಿ ಸುಮಾರು 12 ಗ್ರಾಂ ಇರುತ್ತದೆ. ಜೋಳದ ರೊಟ್ಟಿ, ಕಾಳಿನ ಪಲ್ಯ, ಮೊಸರು ಉಣ್ಣುವ ಮನೆಯವರಿಗೆ ದುಬಾರಿ ಪುಡಿಯ ಅಗತ್ಯ ಅಷ್ಟಾಗಿ ಬೀಳದು. ಕಾಲು ಎಳೆದು ಚಾಚುವ ವ್ಯಾಯಾಮದಿಂದ ಹಿತವೆನಿಸಬಹುದಾದರೂ ಈ ನೋವನ್ನು ಅದು ಗಮನಾರ್ಹವಾಗಿ ತಗ್ಗಿಸುವುದಿಲ್ಲ. ನೋವಿನ ಮಾತ್ರೆ ನುಂಗಿ ಸೈಕಲ್ ಹತ್ತುವ ಅಭ್ಯಾಸವನ್ನಂತೂ ಬಿಡಲೇಬೇಕು. ನೋವು ಕೊಡುವ ಎಚ್ಚರಿಕೆ ಅದರಿಂದ ಅಡಗುತ್ತದೆ, ನೀರು ಕಡಿಮೆಯಾದ ದೇಹದಲ್ಲಿ ಐಬುಪ್ರೊಫೆನ್‌ನಂಥ ಮಾತ್ರೆ ಮೂತ್ರಪಿಂಡಕ್ಕೂ ಹೊರೆ.

ಕೊನೆಯದು ವಾರದ ಜೋಡಣೆ. ಬಸ್ಕಿ ಮತ್ತು ಭಾರದ ವ್ಯಾಯಾಮವನ್ನು ಕಠಿಣ ಸವಾರಿಯ ಹಿಂದಿನ ದಿನ ಇಟ್ಟುಕೊಳ್ಳಬೇಡಿ. ಭಾನುವಾರ ದೂರದ ಸವಾರಿಯಿದ್ದರೆ ಭಾರ ಎತ್ತುವುದು ಮಂಗಳವಾರ ಇರಲಿ, ಬುಧವಾರ ಮತ್ತು ಗುರುವಾರ ಹಗುರ ಸವಾರಿಯಾಗಲಿ. ನೋವು ಪೂರ್ತಿ ಹೋಗುವ ಮೊದಲೇ ಮೆಟ್ಟಿಲು ಸರಾಗವಾಗಿ ಇಳಿಯುವಂತಾದರೂ ಬಲ ಮರಳಲು ಇನ್ನೊಂದೆರಡು ದಿನ ಹಿಡಿಯಬಹುದು, ಆದ್ದರಿಂದ ಮೊದಲ ಏರಿನಲ್ಲಿ ಎಂದಿನ ಸಮಯವನ್ನು ನಿರೀಕ್ಷಿಸಬಾರದು. ಅದೇ ವ್ಯಾಯಾಮವನ್ನು ಒಂದೆರಡು ವಾರದೊಳಗೆ ಮತ್ತೆ ಮಾಡಿದಾಗ ನೋವು ಸ್ಪಷ್ಟವಾಗಿ ಕಡಿಮೆಯಿರುತ್ತದೆ, ಮಾಂಸಖಂಡ ಅಷ್ಟರಲ್ಲಿ ಹೊಂದಿಕೊಂಡಿರುತ್ತದೆ. ಮೊದಲ ವಾರದ ನೋವಿಗೆ ಹೆದರಿ ಬಸ್ಕಿ ಬಿಡುವವರು ಈ ಲಾಭವನ್ನೂ ಕಳೆದುಕೊಳ್ಳುತ್ತಾರೆ. ಹಬ್ಬ, ಪ್ರವಾಸ ಅಥವಾ ಪರೀಕ್ಷೆಯಿಂದಾಗಿ ತಿಂಗಳುಗಟ್ಟಲೆ ಬಿಟ್ಟವರು ಮಾತ್ರ ನಿಲ್ಲಿಸಿದ ಭಾರದ ಅರ್ಧದಿಂದ ಮತ್ತೆ ಶುರುಮಾಡಬೇಕು.