ಪೋಕರ್ ಆ್ಯಪ್ ನಂಬುವ ಮೊದಲು ಪರಿಶೀಲಿಸಬೇಕಾದ ಸಂಗತಿಗಳು

ಬಳ್ಳಾರಿ, ಗಂಗಾವತಿ, ಸಿಂಧನೂರಿನ ಹುಡುಗರ ಮೊಬೈಲಿಗೆ ಟೆಲಿಗ್ರಾಂ ಮೂಲಕ ಪೋಕರ್ ಎಂಬ ಇಸ್ಪೀಟ್ ಆಟದ ಆ್ಯಪ್‌ನ ಲಿಂಕ್ ಬಂದರೆ ಮೊದಲು ನೋಡಬೇಕಾದದ್ದು ಕಾನೂನನ್ನು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿ, 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆಯು, ಕೌಶಲದ ಆಟವಿರಲಿ ಅದೃಷ್ಟದ ಆಟವಿರಲಿ, ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸುತ್ತದೆ. ಆಡಿಸುವವರಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 1 ಕೋಟಿ ರೂಪಾಯಿವರೆಗೆ ದಂಡವಿದೆ, ಆಡಿದವರಿಗೆ ಶಿಕ್ಷೆಯಿಲ್ಲ. ಕರ್ನಾಟಕ ಹೈಕೋರ್ಟೇ ಒಪ್ಪಿದೆಯೆಂದು ಯಾರಾದರೂ 2022ರ ಫೆಬ್ರುವರಿಯ ತೀರ್ಪನ್ನು ತೋರಿಸಿದರೆ, ಅದು ಇಂಥ ಆಟಗಳನ್ನು ನಿಷೇಧಿಸಲು ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯನ್ನು ಕುರಿತದ್ದು ಮತ್ತು ಕೇಂದ್ರದ ಕಾಯ್ದೆ ಅದರ ನಂತರ ಬಂದದ್ದು ಎಂಬುದು ನೆನಪಿರಲಿ. ಆದ್ದರಿಂದ ನಮ್ಮ ಭಾಗದಲ್ಲಿ ಕುಳಿತು ಪೋಕರ್ ಕಲಿಯಬಯಸುವವರು, ಗೆದ್ದ ಚಿಪ್ಸ್ (ಪಂಥಕ್ಕೆ ಹಣದ ಬದಲು ಬಳಸುವ ಬಿಲ್ಲೆಗಳು) ಹಣವಾಗಿ ಬದಲಾಗದ ತಾಣಗಳನ್ನಷ್ಟೇ ಆರಿಸಿಕೊಳ್ಳಬೇಕು. ಉಚಿತ ಆಟವೆಂದು ಹೆಸರಿಟ್ಟುಕೊಂಡು, ನಾಲ್ಕು ದಿನ ಕಳೆದ ಮೇಲೆ ಹಣ ಕೇಳುವ ಆ್ಯಪ್‌ಗಳೂ ಇರುವುದರಿಂದ ಮುಂದಿನ ಪರಿಶೀಲನೆ ಅಗತ್ಯ.

ಯಾವುದೇ ಪೋಕರ್ ತಾಣವನ್ನು ಬೋನಸ್ಸಿನಿಂದ ಅಳೆಯಬಾರದು. ಆಟಗಾರರ ಹಣ ಯಾರ ಕೈಯಲ್ಲಿರುತ್ತದೆ, ಅದು ಹೇಗೆ ಹಿಂತಿರುಗುತ್ತದೆ ಎಂಬುದರಿಂದ ಅಳೆಯಬೇಕು. 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ದೊಡ್ಡ ತಾಣಗಳ ಮೇಲೆ ಮೊಕದ್ದಮೆ ಹೂಡಿದಾಗ ಈ ವ್ಯತ್ಯಾಸ ಜಗತ್ತಿಗೇ ಕಂಡಿತು. ಆಟಗಾರರ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟಿದ್ದ ಪೋಕರ್‌ಸ್ಟಾರ್ಸ್ ಅದನ್ನು ಬೇಗನೆ ಹಿಂತಿರುಗಿಸಿತು. ಫುಲ್ ಟಿಲ್ಟ್ ಪೋಕರ್ ಆಟಗಾರರಿಗೆ ಸುಮಾರು 39 ಕೋಟಿ ಡಾಲರ್ ಕೊಡಬೇಕಿದ್ದರೂ, ಬ್ಯಾಂಕಿನಲ್ಲಿ ಇದ್ದದ್ದು ಸುಮಾರು 6 ಕೋಟಿ ಮಾತ್ರ ಎಂದು ಅಲ್ಲಿನ ನ್ಯಾಯ ಇಲಾಖೆ ಹೇಳಿತು. ಅಮೆರಿಕದ ಆಟಗಾರರಿಗೆ ಹಣ ಮರಳತೊಡಗಿದ್ದು 2014ರಲ್ಲಿ. ತಾಣದ ನಿಯಮಗಳಲ್ಲಿ ಪ್ರತ್ಯೇಕ ಖಾತೆಯ ಮಾತೇ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಬಹುದು.

ಪರವಾನಗಿಯ ಚಿತ್ರವನ್ನು ಯಾರು ಬೇಕಾದರೂ ಅಂಟಿಸಬಹುದು. ಬ್ರಿಟನ್, ಮಾಲ್ಟಾದಂಥ ಕಡೆಗಳ ನಿಯಂತ್ರಕ ಸಂಸ್ಥೆಗಳು ಪರವಾನಗಿದಾರರ ಪಟ್ಟಿಯನ್ನು ತಮ್ಮದೇ ಜಾಲತಾಣದಲ್ಲಿ ಪ್ರಕಟಿಸುತ್ತವೆ. ಸಂಖ್ಯೆಯನ್ನು ಅಲ್ಲಿಯೇ ಹುಡುಕಬೇಕು. ಸಿಕ್ಕರೂ ಅದು ಇಲ್ಲಿ ಆಡಲು ಅನುಮತಿಯಲ್ಲ.

ಹಣ ಕಟ್ಟುವ ಪರದೆಯನ್ನು ನಿಧಾನವಾಗಿ ನೋಡಿ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಕಂಪನಿಯ ಹೆಸರಿನ ಬದಲು ಯಾರೋ ವ್ಯಕ್ತಿಯ ಹೆಸರು ಕಾಣಿಸಿ, ಮರುದಿನ ಅದೇ ಪರದೆಯಲ್ಲಿ ಬೇರೊಬ್ಬರ ಹೆಸರು ಬಂದರೆ, ಅವು ಬಹುತೇಕ ಬಾಡಿಗೆಗೆ ಪಡೆದ ಖಾತೆಗಳೇ. ಅಂಥ ಖಾತೆಗೆ ಹಣ ಕಳಿಸಿದವರ ಖಾತೆಯೂ ತನಿಖೆಯಲ್ಲಿ ಸ್ಥಗಿತವಾಗಬಹುದು. ಭತ್ತ ಮಾರಿದ ಹಣವೂ ಅದೇ ಖಾತೆಯಲ್ಲಿದ್ದರೆ ಇಡೀ ಮನೆಯೇ ಕಷ್ಟಕ್ಕೆ ಬೀಳುತ್ತದೆ. ಗೆದ್ದ ಹಣ ಬೇಕಿದ್ದರೆ ಮೊದಲು ಶೇ 30ರಷ್ಟು ತೆರಿಗೆ ಕಟ್ಟಿ ಎನ್ನುವುದು ಮೋಸದ ಇನ್ನೊಂದು ಗುರುತು. ಆದಾಯ ತೆರಿಗೆ ಕಾನೂನಿನ ಪ್ರಕಾರ ಆ ತೆರಿಗೆಯನ್ನು ಗೆಲುವಿನ ಮೊತ್ತದಿಂದಲೇ ಮುರಿದುಕೊಳ್ಳಬೇಕು. ಮುಂಗಡವಾಗಿ ಕೇಳಿದವರು ಮೋಸಗಾರರು, ಇದರಲ್ಲಿ ಅನುಮಾನವೇ ಬೇಡ.

ಎಲೆ ಹಂಚಿಕೆ ನ್ಯಾಯವಾಗಿದೆಯೇ ಎಂಬುದನ್ನು ಸ್ವತಃ ಲೆಕ್ಕ ಹಾಕಬಹುದು. ಆಡಿದ ಆಟಗಳ ದಾಖಲೆಯನ್ನು ಕೊಡದ ತಾಣವನ್ನು ಬಿಟ್ಟುಬಿಡಿ. ಕೊಟ್ಟರೆ, ಕೈಗೆ ಬಂದ ಮೊದಲ ಎರಡು ಎಲೆಗಳಲ್ಲಿ ಜೋಡಿ ಎಷ್ಟು ಸಲ ಬಂತೆಂದು ಎಣಿಸಿ: 52 ಎಲೆಗಳ ಕಟ್ಟಿನಲ್ಲಿ ಸರಾಸರಿ 17 ಸಲಕ್ಕೊಮ್ಮೆ ಜೋಡಿ ಬರಬೇಕು, ಅಂದರೆ 1000 ಆಟಗಳಿಗೆ ಸುಮಾರು 59. ಅದು 45ರಿಂದ 75ರ ನಡುವೆ ಇದ್ದರೆ ಸಹಜ; 20 ಅಥವಾ 120 ಆದರೆ ಹಂಚಿಕೆಯಲ್ಲಿ ಏನೋ ದೋಷವಿದೆ. ಎರಡು ಎಕ್ಕಗಳು 221 ಸಲಕ್ಕೊಮ್ಮೆ ಬರುವುದರಿಂದ ಅವನ್ನು ಎಣಿಸಿ ತೀರ್ಮಾನಿಸಲು ಸಾವಿರ ಆಟ ಸಾಲದು. ಈ ಲೆಕ್ಕಕ್ಕೆ ಸಿಗದ ಮೋಸವೂ ಇದೆ. 2007ರಲ್ಲಿ ಆಬ್ಸಲ್ಯೂಟ್ ಪೋಕರ್ ತಾಣದ ಒಂದು ಖಾತೆಗೆ ಎದುರಾಳಿಗಳ ಎಲೆಗಳೆಲ್ಲ ಕಾಣುತ್ತಿದ್ದವು. ಅದನ್ನು ಬಯಲಿಗೆಳೆದದ್ದು ಒಂದು ಪಂದ್ಯದ ದಾಖಲೆಯನ್ನು ಸಾಲುಸಾಲಾಗಿ ಓದಿದ ಆಟಗಾರರೇ. ಒಬ್ಬನೇ ಎದುರಾಳಿ ಪ್ರತಿ ಸಲವೂ ಸರಿಯಾದ ಹೊತ್ತಿಗೆ ಎಲೆ ಬಿಟ್ಟು, ದುರ್ಬಲ ಎಲೆಯಲ್ಲೂ ಸರಿಯಾದ ಹೊತ್ತಿಗೇ ಪಂಥ ಏರಿಸುತ್ತಿದ್ದರೆ ಆ ದಾಖಲೆಯನ್ನು ತೆಗೆದಿಟ್ಟುಕೊಳ್ಳಿ.

ರೇಕ್ ಅಂದರೆ ತಾಣ ಪ್ರತಿ ಆಟದಿಂದಲೂ ಮುರಿದುಕೊಳ್ಳುವ ಪಾಲು. ಸರಾಸರಿ 400 ಚಿಪ್ಸ್ ಸೇರುವ, ಗಂಟೆಗೆ 60 ಆಟ ನಡೆಯುವ ಮೇಜಿನಲ್ಲಿ ಶೇ 5ರಂತೆ ಮುರಿದರೆ ಗಂಟೆಗೆ 1200 ಚಿಪ್ಸ್ ಹೋಗುತ್ತವೆ. ಆರು ಜನ ಸಮಬಲರಾಗಿದ್ದರೂ ತಲಾ 200 ಸೋಲುತ್ತಾರೆ.

ಈಗಾಗಲೇ ಹಣ ಕಟ್ಟಿ ಸಿಕ್ಕಿಕೊಂಡಿದ್ದರೆ, ಹಿಂಪಡೆಯಲೆಂದು ಇನ್ನೊಂದು ರೂಪಾಯಿಯನ್ನೂ ಕಳಿಸಬಾರದು. ಯುಪಿಐ ವಹಿವಾಟಿನ ಸಂಖ್ಯೆ, ಹಣ ಹೋದ ಖಾತೆಯ ಹೆಸರು, ಏಜೆಂಟನ ಸಂದೇಶಗಳ ಸ್ಕ್ರೀನ್‌ಶಾಟ್ ಇವನ್ನು ಆ್ಯಪ್ ಅಳಿಸುವ ಮೊದಲೇ ತೆಗೆದುಕೊಂಡು, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆಡಿದವರಿಗೆ ಶಿಕ್ಷೆಯಿಲ್ಲದ ಕಾರಣ ಮುಜುಗರಪಟ್ಟು ಸುಮ್ಮನಿರಬೇಕಿಲ್ಲ. ಅಲ್ಲಿ ಕೊಡುವ ದೂರಿನ ಸಂಖ್ಯೆಯನ್ನು ಬರೆದುಕೊಂಡು ಅದೇ ದಿನ ನಿಮ್ಮ ಬ್ಯಾಂಕಿನ ಶಾಖೆಗೂ ಲಿಖಿತವಾಗಿ ತಿಳಿಸಿ, ಸ್ವೀಕೃತಿಯ ಸಹಿ ಪಡೆಯಿರಿ.