ಹುಬ್ಬಳ್ಳಿ–ಧಾರವಾಡದ ರಸ್ತೆಗೆ ತಕ್ಕ ಸಸ್ಪೆನ್ಷನ್: ದಿನಬಳಕೆಯ ಸ್ಪೋರ್ಟಿ ಕಾರಿಗೆ ಏನು ಬದಲಿಸಬೇಕು, ಹೇಗೆ

ಪೋಲೋ ಜಿಟಿ, ವರ್ಟಸ್ ಜಿಟಿ, ಐ20 ಎನ್ ಲೈನ್‌ನಂಥ ಕಾರಿಗೆ ಸಸ್ಪೆನ್ಷನ್ (ಚಕ್ರಕ್ಕೂ ಬಾಡಿಗೂ ನಡುವಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್‌ಗಳ ವ್ಯವಸ್ಥೆ) ಬದಲಿಸುವ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಕಾರಿನ ಎತ್ತರ ಎಷ್ಟು ಇಳಿಸಬಹುದು ಎಂದು. ನಮ್ಮ ಭಾಗದ ರಸ್ತೆಗೆ ಅದು ಕೊನೆಯ ಪ್ರಶ್ನೆಯಾಗಬೇಕು. ಹೆದ್ದಾರಿ ಬಿಟ್ಟು ನವಲಗುಂದ, ಅಣ್ಣಿಗೇರಿ, ಗದಗ ಕಡೆ ಹೊರಳಿದರೆ ಕೆಳಗಿರುವುದು ಎರೆಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿದು ಕುಗ್ಗುತ್ತದೆ. ಮೇಲಿನ ಡಾಂಬರು ಉದ್ದುದ್ದ ಅಲೆಯಾಗಿ ನಿಲ್ಲುತ್ತದೆ. 15 ಮೀಟರಿಗೊಂದು ಅಲೆ ಇದೆ ಎಂದುಕೊಳ್ಳಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋದರೆ ಕಾರಿಗೆ ಸೆಕೆಂಡಿಗೆ ಸುಮಾರು ಒಂದೂವರೆ ಸಲ ಕೆಳಗಿನಿಂದ ತಳ್ಳು ಬೀಳುತ್ತದೆ. ಸಾಮಾನ್ಯ ಹ್ಯಾಚ್‌ಬ್ಯಾಕ್‌ನ ಬಾಡಿ ಸ್ಪ್ರಿಂಗ್ ಮೇಲೆ ತಾನಾಗಿ ಕುಣಿಯುವ ಲಯವೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಕೂಡಿದಾಗ ಕುಣಿತ ಅಲೆಯಿಂದ ಅಲೆಗೆ ಹೆಚ್ಚುತ್ತ ಹೋಗುತ್ತದೆ. ಅದನ್ನು ತಡೆಯುವುದು ಶಾಕ್ ಅಬ್ಸಾರ್ಬರ್ ಮಾತ್ರ. ಅದಕ್ಕೇ ಇಲ್ಲಿನ ಕಾರಿಗೆ ಮೊದಲು ಶಾಕ್ ಅಬ್ಸಾರ್ಬರ್, ಬೇಕಿದ್ದರೆ ಆಮೇಲೆ ಸ್ಪ್ರಿಂಗ್. ಚಕ್ರ ಮೇಲೆ-ಕೆಳಗೆ ಆಡುವ ಜಾಗವನ್ನಂತೂ ಬಿಟ್ಟುಕೊಡಬಾರದು.

ಹಂಪ್‌ಗಳ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ವರ್ಟಸ್‌ನ ವ್ಹೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 2,651 ಮಿ.ಮೀ. ಮುಂದಿನ, ಹಿಂದಿನ ಚಕ್ರಗಳೆರಡೂ ಅಂಥ ಹಂಪ್ ಮೇಲಿದ್ದಾಗ ನಡುವೆ ಕಮಾನು ಸುಮಾರು 52 ಮಿ.ಮೀ. ಮೇಲೆ ಬರುತ್ತದೆ. ಖಾಲಿ ಕಾರಿನ ತಳಕ್ಕೂ ನೆಲಕ್ಕೂ ನಡುವಿನ ಕ್ಲಿಯರೆನ್ಸ್ 179 ಮಿ.ಮೀ. ಇರುವುದರಿಂದ ತೊಂದರೆ ಇಲ್ಲ. ಆದರೆ ಊರೂರಿನ ಬಾಗಿಲಿಗೆ ಹಾಕಿರುವ ಹಂಪ್ ಹಾಗಿರುವುದಿಲ್ಲ. ಒಂದು ಮೀಟರ್ ಅಗಲದಲ್ಲಿ 15 ಸೆಂ.ಮೀ. ಎತ್ತಿದ ದಿಬ್ಬ ಚಕ್ರಗಳ ನಡುವೆ ಪೂರ್ತಿ ಎತ್ತರಕ್ಕೆ ನಿಲ್ಲುತ್ತದೆ. ನಾಲ್ವರು ಕೂತು ಡಿಕ್ಕಿ ತುಂಬಿದ ಕಾರು ಅದಾಗಲೇ ತಗ್ಗಿರುತ್ತದೆ. ಅದರ ಮೇಲೆ ಇನ್ನೂ 40 ಮಿ.ಮೀ. ಇಳಿಸಿದರೆ ಮೊದಲು ಉಜ್ಜುವುದು ಎಂಜಿನ್ ಕೆಳಗಿನ ಪ್ಲೇಟು, ಆಮೇಲೆ ಸೈಲೆನ್ಸರ್ ಪೈಪು.

ಹೊಸ ಸಾಮಾನು ತರುವ ಮುಂಚೆ

50–60 ಸಾವಿರ ಕಿ.ಮೀ. ಓಡಿದ ಕಾರಿನಲ್ಲಿ "ಸಸ್ಪೆನ್ಷನ್ ಸಡಿಲ" ಅನಿಸುವುದಕ್ಕೆ ಅರ್ಧ ಕಾರಣ ರಬ್ಬರಿನದು. ಕಾರನ್ನು ಲಿಫ್ಟ್ ಮೇಲೆ ಏರಿಸಿ, ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್‌ನ ಹಿಂದಿನ ಬುಷ್‌ಗೆ (ರಬ್ಬರಿನ ಕೀಲು) ಟಾಮಿ ಸಲಾಕೆ ಹಾಕಿ ಮೀಟಿ ನೋಡಿ. ರಬ್ಬರು ಲೋಹದಿಂದ ಬಿಟ್ಟುಕೊಂಡಿದ್ದರೆ ಬಿರುಕು ಕಾಣುತ್ತದೆ. ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಬಂದರೆ ಬಾಲ್ ಜಾಯಿಂಟ್ ಅಥವಾ ವ್ಹೀಲ್ ಬೇರಿಂಗ್, ಎಡ-ಬಲ ಹಿಡಿದಾಗ ಬಂದರೆ ಸ್ಟೇರಿಂಗ್‌ನ ಟೈ ರಾಡ್ ಎಂಡ್. ಲಿಂಕ್ ರಾಡ್‌ನ (ತಿರುವಿನ ವಾಲುವಿಕೆ ತಡೆಯುವ ಆ್ಯಂಟಿ ರೋಲ್ ಬಾರನ್ನು ಜೋಡಿಸುವ ಕಡ್ಡಿ) ಗುಂಡುಗಳು ಸಡಿಲಾಗಿದ್ದರೆ ಸಣ್ಣ ತಗ್ಗಿನಲ್ಲೇ ಕಟಕಟ ಸದ್ದು ಬರುತ್ತದೆ. ಶಾಕ್ ಅಬ್ಸಾರ್ಬರ್ ಮೈಮೇಲೆ ತೆಳುವಾಗಿ ಎಣ್ಣೆಯ ಪಸೆ ಕಂಡರೆ ಗಾಬರಿ ಬೇಡ, ಎಣ್ಣೆ ಸೋರಿ ಧೂಳು ಕೆಸರಿನಂತೆ ಅಂಟಿದ್ದರೆ ಅದರ ಆಯುಷ್ಯ ಮುಗಿದಿದೆ. ಬಾನೆಟ್ ಒತ್ತಿ ಬಿಟ್ಟು ನೋಡುವ ಪರೀಕ್ಷೆಯನ್ನು ನಂಬಬೇಡಿ. ಅಷ್ಟು ನಿಧಾನದ ಚಲನೆಯಲ್ಲಿ ಸೋತ ಶಾಕ್ ಅಬ್ಸಾರ್ಬರ್ ಕೂಡ ಗಟ್ಟಿ ಇದ್ದಂತೆ ತೋರುತ್ತದೆ.

ಟೈರು ಐದಾರು ವರ್ಷ ಹಳೆಯದಾಗಿ ಗಟ್ಟಿಯಾಗಿದ್ದರೆ ಯಾವ ದುಬಾರಿ ಕಿಟ್ ಹಾಕಿದರೂ ಫಲ ಕಾಣುವುದಿಲ್ಲ. ಮೊದಲು ಟೈರು ಬದಲಿಸಿ, ಕಂಪನಿ ಹೇಳಿದಷ್ಟು ಗಾಳಿಯನ್ನು ಬೆಳಗ್ಗೆ ಟೈರು ತಣ್ಣಗಿದ್ದಾಗ ಹಿಡಿಸಿ, ವಾರ ಓಡಿಸಿ ಆಮೇಲೆ ಯೋಚಿಸಿ.

ಯಾವುದನ್ನು ಕೊಳ್ಳಬೇಕು

ಶಾಕ್ ಅಬ್ಸಾರ್ಬರ್ ತಯಾರಿಸುವ ಬಿಲ್‌ಸ್ಟೀನ್ ಕಂಪನಿಯ ಮೂರು ಸಾಲುಗಳನ್ನು ಅರ್ಥ ಮಾಡಿಕೊಂಡರೆ ಉಳಿದ ಕಂಪನಿಗಳದ್ದೂ ತಿಳಿಯುತ್ತದೆ. ಬಿ4 ಎಂದರೆ ಕಾರಿನೊಂದಿಗೆ ಬಂದದ್ದಕ್ಕೆ ಸಮನಾದ ಬದಲಿ. ಬಿ6 ಎಂದರೆ ಕಂಪನಿ ಸ್ಪ್ರಿಂಗ್ ಹಾಗೇ ಇಟ್ಟು ಹೆಚ್ಚು ಹಿಡಿತ ಕೊಡುವ, ಒಂಟಿ ಕೊಳವೆಯ ಗ್ಯಾಸ್ ಶಾಕ್ ಅಬ್ಸಾರ್ಬರ್. ಬಿ8 ಅದೇ ಜಾತಿಯದು, ಆದರೆ ಇಳಿಸಿದ ಸ್ಪ್ರಿಂಗ್‌ಗೆಂದು ಗಿಡ್ಡ ಮಾಡಿದ್ದು. ಕಂಪನಿ ಎತ್ತರದ ಕಾರಿಗೆ ಬಿ8 ಹಾಕಿದರೆ ಚಕ್ರ ಕೆಳಗೆ ಇಳಿಯುವ ಜಾಗವೇ ಕಡಿಮೆಯಾಗಿ, ಗುಂಡಿಗೆ ಬಿದ್ದಾಗಲೆಲ್ಲ ರಾಡ್ ಮೇಲ್ತುದಿಗೆ ಹೊಡೆಯುತ್ತದೆ. ಕೋನಿ ಕಂಪನಿಯ ಸ್ಪೆಷಲ್ ಆ್ಯಕ್ಟಿವ್ ಇನ್ನೊಂದು ದಾರಿ. ಬಾಡಿ ನಿಧಾನಕ್ಕೆ ತೂಗಾಡುವಾಗ ಬಿಗಿ ಹಿಡಿದು, ಚಕ್ರ ಸಣ್ಣ ಸಣ್ಣ ತಗ್ಗಿನಲ್ಲಿ ಬೇಗ ಬೇಗ ಅದುರುವಾಗ ಎಣ್ಣೆಗೆ ಬೇರೆ ದಾರಿ ಬಿಡುವ ವಾಲ್ವ್ ಅದರಲ್ಲಿದೆ. ಎರೆಭೂಮಿಯ ಅಲೆಯೂ ಕಿತ್ತ ಡಾಂಬರೂ ಒಂದೇ ರಸ್ತೆಯಲ್ಲಿ ಸಿಗುವ ನಮ್ಮ ಕಡೆಗೆ ಇದು ತುಂಬ ಚೆನ್ನಾಗಿ ಒಗ್ಗುತ್ತದೆ. ನಿಮ್ಮ ಮಾದರಿಗೆ ಸಿಕ್ಕರೆ ಅದನ್ನೇ ಹಿಡಿಯಿರಿ, ಸಿಗದಿದ್ದರೆ ಬಿ6 ದರ್ಜೆಯದು ಮತ್ತು ಕಂಪನಿ ಸ್ಪ್ರಿಂಗ್. ದಿನಬಳಕೆಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ.

ಸ್ಪ್ರಿಂಗ್ ಬದಲಿಸಲೇಬೇಕು ಎನ್ನುವವರು 20–25 ಮಿ.ಮೀ.ಗಿಂತ ಹೆಚ್ಚು ಇಳಿಸಬೇಡಿ. ಒಂದು ಚಕ್ರದ ಮೇಲೆ 315 ಕೆ.ಜಿ. ಬಾಡಿ ಭಾರ, ಚಕ್ರದ ಬಳಿ ಅಳೆದ ಸ್ಪ್ರಿಂಗ್ ಬಿಗಿ ಮಿ.ಮೀ.ಗೆ 25 ನ್ಯೂಟನ್ ಇದ್ದರೆ ಬಾಡಿಯ ಲಯ ಸೆಕೆಂಡಿಗೆ ಸುಮಾರು 1.4 ಸಲ. ಸ್ಪ್ರಿಂಗ್ ಶೇ. 20 ಗಟ್ಟಿಯಾದರೂ ಲಯ ಏರುವುದು ಶೇ. 10 ಮಾತ್ರ, 1.55ರ ಆಸುಪಾಸಿಗೆ. ಅಷ್ಟನ್ನು ಬೆನ್ನು ತಡೆಯುತ್ತದೆ. ತಡೆಯದಿರುವುದು ಬಂಪ್ ಸ್ಟಾಪ್ (ಚಕ್ರ ಮೇಲೇರುವ ಕೊನೆಯಲ್ಲಿ ತಡೆಯುವ ದಿಂಡು) ಹೊಡೆತ. 30 ಮಿ.ಮೀ. ಇಳಿಸಿದರೆ ಬಂಪ್ ಸ್ಟಾಪ್‌ಗೆ ತಾಕುವ ಮುಂಚಿನ ಜಾಗ ಅಷ್ಟೇ ಕಡಿಮೆಯಾಗುತ್ತದೆ. ತಾಕಿದ ಕ್ಷಣ ಬಿಗಿ ಒಮ್ಮೆಲೇ ಏರಿ ಚಕ್ರ ನೆಲ ಬಿಡುತ್ತದೆ. ತಿರುವಿನ ನಡುವೆ ಹಿಂದಿನ ಚಕ್ರಕ್ಕೆ ಹೀಗಾದರೆ ಕಾರು ಪಕ್ಕಕ್ಕೆ ಜಿಗಿಯುತ್ತದೆ. ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್ ಎರಡೂ ಒಂದೇ ಕಂಬವಾಗಿರುವ ಮುಂದಿನ ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ ಇನ್ನೊಂದು ತೊಡಕಿದೆ: ಲೋವರ್ ಆರ್ಮ್‌ನ ಹೊರತುದಿ ಒಳತುದಿಗಿಂತ ಮೇಲೆ ಹೋಗುವಷ್ಟು ಇಳಿಸಿದರೆ ರೋಲ್ ಸೆಂಟರ್ (ತಿರುವಿನಲ್ಲಿ ಬಾಡಿ ವಾಲುವ ನಡುಬಿಂದು) ಕಾರಿನ ಭಾರಕೇಂದ್ರಕ್ಕಿಂತ ಹೆಚ್ಚು ಕೆಳಗಿಳಿಯುತ್ತದೆ. ಆಗ ಗಟ್ಟಿ ಸ್ಪ್ರಿಂಗ್ ಕೊಟ್ಟ ಲಾಭವನ್ನು ಹೆಚ್ಚಿದ ವಾಲುವಿಕೆ ನುಂಗಿಬಿಡುತ್ತದೆ.

ಕಿಟ್ ಪೆಟ್ಟಿಗೆ ಮೇಲೆ "30 ಮಿ.ಮೀ." ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಯುರೋಪಿನ ಮಾದರಿಯ ಎತ್ತರದಿಂದ ಎಣಿಸಿದ್ದು. ಭಾರತಕ್ಕೆಂದು ಎತ್ತರಿಸಿದ ಕಾರಿನಲ್ಲಿ ಇಳಿತ ಅದಕ್ಕಿಂತ ಹೆಚ್ಚೇ ಆಗಬಹುದು. ಕೊಳ್ಳುವ ಮುಂಚೆ ಪಾರ್ಟ್ ನಂಬರನ್ನು ನಿಮ್ಮ ಮಾದರಿ, ಎಂಜಿನ್, ಮುಂದಿನ ಆಕ್ಸಲ್ ಭಾರದೊಂದಿಗೆ ತಾಳೆ ನೋಡಿ. ಕಂಪನಿ ಸ್ಪ್ರಿಂಗ್‌ನ ಸುರುಳಿ ಕತ್ತರಿಸಿ ಇಳಿಸುವ ಕೆಲಸಕ್ಕೆ ಮಾತ್ರ ಯಾರು ಹೇಳಿದರೂ ಒಪ್ಪಬೇಡಿ: ತುದಿ ತನ್ನ ಸೀಟಿನಲ್ಲಿ (ಸ್ಪ್ರಿಂಗ್ ಕೂರುವ ತಟ್ಟೆ) ಕೂರದೆ ಜಾರುತ್ತದೆ.

ಹಿಂದಿನ ದಪ್ಪ ಆ್ಯಂಟಿ ರೋಲ್ ಬಾರ್ ಕೊನೆಗಿರಲಿ. ಒಂದು ಚಕ್ರ ತಗ್ಗಿಗೆ ಬಿದ್ದರೆ ಏಟು ಇನ್ನೊಂದಕ್ಕೂ ಹೋಗುತ್ತದೆ, ಮಳೆಯಲ್ಲಿ ಅರಬೈಲ್ ಘಾಟಿನ ತಿರುವಿನಲ್ಲಿ ಆ್ಯಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಹಿಂಬದಿ ಜಾರಬಹುದು.

ಜೋಡಿಸುವ ಕ್ರಮ

ಶಾಕ್ ಅಬ್ಸಾರ್ಬರ್ ಜೊತೆಗೇ ಇವನ್ನೂ ತರಿಸಿ: ಮುಂದಿನ 2 ಸ್ಟ್ರಟ್ ಮೌಂಟ್ (ಸ್ಟ್ರಟ್‌ನ ಮೇಲ್ತುದಿಯನ್ನು ಬಾಡಿಗೆ ಹಿಡಿಸುವ ಭಾಗ), 2 ಬೇರಿಂಗ್, 4 ಬಂಪ್ ಸ್ಟಾಪ್, 4 ಧೂಳು ಕವರ್, 2 ಲಿಂಕ್ ರಾಡ್, ಮತ್ತು ಕಂಪನಿ "ಒಮ್ಮೆ ಮಾತ್ರ" ಎಂದು ಹೇಳಿದ ನಟ್ಟು-ಬೋಲ್ಟುಗಳೆಲ್ಲ ಹೊಸವು. ಹಳೇ ಮೌಂಟ್ ಉಳಿಸಿಕೊಂಡರೆ ಆರು ತಿಂಗಳಲ್ಲಿ ಅದಕ್ಕಾಗಿಯೇ ಎಲ್ಲ ಬಿಚ್ಚಬೇಕಾಗುತ್ತದೆ. ಬಿಚ್ಚುವ ಮುಂಚೆ ಸಮತಟ್ಟು ನೆಲದಲ್ಲಿ ಪ್ರತಿ ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗೆ ಅಳೆದು ಬರೆದಿಡಿ. ಈ ನಾಲ್ಕು ಅಂಕಿ ಮುಂದೆ ಬೇಕು.

ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜ್ಯಾಕ್ ಸಾಲದು. ಚಕ್ರ ತೆಗೆದು ಎಬಿಎಸ್ ವೈರ್, ಬ್ರೇಕ್ ಹೋಸ್‌ಗಳನ್ನು ಸ್ಟ್ರಟ್‌ನ ಕ್ಲಿಪ್‌ನಿಂದ ಬಿಡಿಸಿ, ಲಿಂಕ್ ರಾಡ್ ಕಳಚಿ. ಸುಜುಕಿ, ಹ್ಯುಂಡೈಗಳಲ್ಲಿ ಸ್ಟ್ರಟ್ ನಕಲ್‌ಗೆ (ಚಕ್ರವನ್ನು ಹಿಡಿದಿರುವ ಲೋಹದ ಭಾಗ) ಎರಡು ದೊಡ್ಡ ಬೋಲ್ಟಿನಿಂದ ಕೂತಿರುತ್ತದೆ. ಪೋಲೋದಲ್ಲಿ ಸ್ಟ್ರಟ್‌ನ ಕೊಳವೆ ನಕಲ್‌ನ ಸೀಳಿನೊಳಗೆ ಇಳಿದಿರುತ್ತದೆ; ಸೀಳು ಅಗಲಿಸಲು ಸ್ಪ್ರೆಡರ್ ಬೇಕು. ಚಿಸೆಲ್ ಬಡಿದು ಅಗಲಿಸಿದರೆ ನಕಲ್ ಸೀಳಬಹುದು. ನಕಲ್ ಬಿಡಿಸಿಕೊಂಡ ಮೇಲೆ ಅದು ಹೊರಗೆ ಜೋತುಬೀಳದಂತೆ ತಂತಿ ಕಟ್ಟಿ, ಇಲ್ಲದಿದ್ದರೆ ಚಕ್ರ ತಿರುಗಿಸುವ ಡ್ರೈವ್‌ಶಾಫ್ಟ್‌ನ ಒಳ ಜಾಯಿಂಟ್ ಕಳಚಿಕೊಳ್ಳಬಹುದು, ಬ್ರೇಕ್ ಹೋಸ್ ಜಗ್ಗುತ್ತದೆ.

ಸ್ಪ್ರಿಂಗ್ ಕಂಪ್ರೆಸರ್ ಕೊಂಡಿಗಳನ್ನು ಎದುರುಬದುರು ಹಾಕಿ, ಕೈ ಪಾನಾದಿಂದ ಎರಡೂ ಕಡೆ ಸರಿಸಮ ಬಿಗಿ ಮಾಡಿ. ಸ್ಪ್ರಿಂಗ್ ಸೀಟಿನಿಂದ ಸಡಿಲಾದ ಮೇಲೆಯೇ ಮೇಲಿನ ನಟ್ಟು ಬಿಚ್ಚಬೇಕು. ಒತ್ತಿಟ್ಟ ಸ್ಪ್ರಿಂಗ್ ಬಿಟ್ಟುಕೊಂಡರೆ ಮನುಷ್ಯನ ಜೀವ ತೆಗೆಯಬಲ್ಲದು. ಅದರ ಎದುರಿಗೆ ಮುಖ ತರಬೇಡಿ. ಒಳ್ಳೆಯ ಕಂಪ್ರೆಸರ್ ಇಲ್ಲದಿದ್ದರೆ ಸ್ಟ್ರಟ್ ಮಾತ್ರ ಕಳಚಿ ಹುಬ್ಬಳ್ಳಿಯ ಗೋಕುಲ ರೋಡಿನ ಗ್ಯಾರೇಜಿಗೆ ಒಯ್ಯಿರಿ.

ಹೊಸ ಸ್ಟ್ರಟ್ ಒಂದರೊಳಗೊಂದು ಇರುವ ಜೋಡಿ ಕೊಳವೆಯದಾಗಿದ್ದರೆ ನೇರ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆಯಿರಿ, ಒಳಗೆ ಸೇರಿದ ಗಾಳಿ ಎಣ್ಣೆಯಿಂದ ಬೇರೆಯಾಗುತ್ತದೆ. ಸ್ಪ್ರಿಂಗ್‌ನ ಕೆಳತುದಿ ಸೀಟಿನ ಮೆಟ್ಟಿಲಿಗೆ ತಾಕಿ ಕೂರಬೇಕು. ಮೇಲಿನ ನಟ್ಟಿಗೆ ಇಂಪ್ಯಾಕ್ಟ್ ಗನ್ ಹಾಕಲೇಬೇಡಿ. ರಾಡ್ ಗಿರಗಿರ ತಿರುಗಿ ಒಳಗಿನ ಸೀಲ್ ಹಾಳಾಗುತ್ತದೆ. ರಾಡ್ ತುದಿಯನ್ನು ಆ್ಯಲನ್ ಕೀಯಿಂದ ಹಿಡಿದು ನಟ್ಟು ತಿರುಗಿಸಿ; ಹೊಳೆಯುವ ರಾಡಿಗೆ ಪಕ್ಕಡ್ ಹಾಕಿದರೆ ಬೀಳುವ ಒಂದೇ ಗೀರು ಎಣ್ಣೆ ಸೋರಲು ಸಾಕು.

ಹಿಂದೆ ಎರಡೂ ಚಕ್ರಗಳನ್ನು ಕೂಡಿಸುವ ಟಾರ್ಷನ್ ಬೀಮ್ ಇರುವ ಕಾರಿನಲ್ಲಿ ಕೆಲಸ ಸುಲಭ. ಬೀಮ್ ಕೆಳಗೆ ಜ್ಯಾಕ್ ಕೊಟ್ಟು, ಶಾಕ್ ಅಬ್ಸಾರ್ಬರ್‌ನ ಕೆಳಗಿನ ಬೋಲ್ಟ್ ತೆಗೆದು ನಿಧಾನಕ್ಕೆ ಇಳಿಸಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ.

ಈಗ ಹೆಚ್ಚಿನ ಗ್ಯಾರೇಜುಗಳು ತಪ್ಪುವ ಜಾಗ. ಲೋವರ್ ಆರ್ಮ್, ಬೀಮ್, ಹಿಂದಿನ ಶಾಕ್ ಅಬ್ಸಾರ್ಬರ್‌ಗಳ ರಬ್ಬರ್ ಬುಷ್ ಇರುವ ಬೋಲ್ಟುಗಳಲ್ಲಿ ನೀವು ಬಿಚ್ಚಿದ್ದನ್ನೆಲ್ಲ ಚಕ್ರ ನೇತಾಡುವಾಗ ಕಡೆಯ ಬಿಗಿ ಮಾಡಬಾರದು. ಬುಷ್ ಒಳಗಿನ ಉಕ್ಕಿನ ಕೊಳವೆ ಬೋಲ್ಟಿಗೆ ಕಚ್ಚಿಕೊಂಡರೆ ತಿರುಗುವುದೆಲ್ಲ ರಬ್ಬರೇ. ನೇತಾಡುವ ಸ್ಥಿತಿಯಲ್ಲಿ ಬಿಗಿದರೆ ಕಾರು ನೆಲಕ್ಕೆ ಬಂದಾಗ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಕಾರೂ ಕೆಲವು ಮಿ.ಮೀ. ಎತ್ತರ ನಿಲ್ಲುತ್ತದೆ. ಚಕ್ರದ ಮೇಲೆ ಭಾರ ಬಿಟ್ಟು, ಅಥವಾ ಆರ್ಮ್ ಕೆಳಗೆ ಜ್ಯಾಕ್ ಕೊಟ್ಟು ಬರೆದಿಟ್ಟ ಅಳತೆಗೆ (ಕಾರು ಇಳಿಸಿದ್ದರೆ ಇಳಿಸಿದಷ್ಟನ್ನು ಕಳೆದು) ತಂದು, ಸರ್ವೀಸ್ ಮ್ಯಾನ್ಯುವಲ್ ಹೇಳುವ ಟಾರ್ಕ್‌ಗೆ (ತಿರುಚು ಬಲದ ಅಳತೆ) ಬಿಗಿಯಿರಿ. ಪೋಲೋದ ಚಕ್ರದ ಬೋಲ್ಟ್‌ಗೆ 120 ನ್ಯೂಟನ್ ಮೀಟರ್.

ಅಲೈನ್‌ಮೆಂಟ್ ಮತ್ತು ಆಮೇಲಿನ ದಿನಗಳು

ಸ್ಟ್ರಟ್ ಬಿಚ್ಚಿದ ಮೇಲೆ ಅಲೈನ್‌ಮೆಂಟ್ ಅದೇ ದಿನ ಒಮ್ಮೆ, ಸ್ಪ್ರಿಂಗ್ ಕೂತ ಮೇಲೆ 500 ಕಿ.ಮೀ.ಗೆ ಇನ್ನೊಮ್ಮೆ. ಟೈರು ಸವೆಸುವುದರಲ್ಲಿ ಕ್ಯಾಂಬರ್‌ಗಿಂತ (ಎದುರಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೆ-ಹೊರಗೆ ತಿರುಗಿರುವ ಕೋನ) ದೊಡ್ಡ ಅಪರಾಧಿ. ಕ್ಯಾಂಬರ್ –1 ಡಿಗ್ರಿ ಆಸುಪಾಸಿನಲ್ಲಿದ್ದು ಟೋ ಸರಿಯಿದ್ದರೆ ಟೈರು ಬಾಳುತ್ತದೆ. ಎರಡು ಬೋಲ್ಟಿನ ಸ್ಟ್ರಟ್‌ನಲ್ಲಿ ಕ್ಯಾಂಬರ್ ಬೋಲ್ಟ್ ಹಾಕಿ ಹೊಂದಿಸಬಹುದು, ಪೋಲೋದಲ್ಲಿ ಲೋವರ್ ಆರ್ಮ್ ಕೂತಿರುವ ಸಬ್‌ಫ್ರೇಮ್ ಸರಿಸಿ ಎಡ-ಬಲ ಸಮ ಮಾಡಬಹುದಷ್ಟೇ. ಎತ್ತರ ಬದಲಾಗಿದ್ದರೆ ಹೆಡ್‌ಲೈಟ್ ಕಿರಣವನ್ನೂ ಹೊಂದಿಸಿಕೊಳ್ಳಿ.

ಹಿಂದಿನ ಶಾಕ್ ಅಬ್ಸಾರ್ಬರ್‌ನ ರಾಡಿಗೆ ಧೂಳು ಕವರ್ ಎತ್ತಿ ಒಂದು ತೆಳು ಕೇಬಲ್ ಟೈ ಮೆತ್ತಗೆ ಸುತ್ತಿ ಬಿಡಿ. ವಾರ ಓಡಾಡಿ ನೋಡಿದಾಗ ಟೈ ಎಲ್ಲಿಗೆ ಸರಿದಿದೆಯೋ ಅಲ್ಲಿವರೆಗೆ ಒತ್ತಿಕೊಂಡಿದೆ ಎಂದರ್ಥ. ಒಬ್ಬರೇ ಓಡಾಡುವಾಗಲೇ ಅದು ಬಂಪ್ ಸ್ಟಾಪ್ ಆಳಕ್ಕೆ ಹೋಗಿದ್ದರೆ ಸ್ಪ್ರಿಂಗ್ ಆಯ್ಕೆ ತಪ್ಪಿದೆ.

ಸದ್ದುಗಳೂ ದಾರಿ ಹೇಳುತ್ತವೆ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಟಣ್ ಎಂದರೆ ಸ್ಪ್ರಿಂಗ್ ತುದಿ ಸರಿಯಾಗಿ ಕೂತಿಲ್ಲ ಅಥವಾ ಮೇಲಿನ ಬೇರಿಂಗ್ ತಿರುಗುತ್ತಿಲ್ಲ. ಹಂಪ್ ಇಳಿಯುವಾಗ ಧಡ್ ಎಂದರೆ ಮೌಂಟ್ ನಟ್ಟು ನೋಡಿ. ನಿಧಾನಕ್ಕೆ ಹೋಗುವಾಗ ಕಿರ್ರೆಂದರೆ ಬುಷ್ ತಿರುಚಿಕೊಂಡು ಬಿಗಿದಿರಬಹುದು. ಬೋಲ್ಟ್ ಸಡಿಲಿಸಿ, ಭಾರ ಬಿಟ್ಟು ಮತ್ತೆ ಬಿಗಿಯಿರಿ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ವಾಹನದ ಆರ್‌ಸಿ ವಿವರಗಳು ತಯಾರಕರು ಮೂಲತಃ ಹೇಳಿದ್ದಕ್ಕಿಂತ ಬೇರೆಯಾಗುವಂಥ ಮಾರ್ಪಾಡು ಮಾಡುವಂತಿಲ್ಲ. ಕಂಪನಿ ಎತ್ತರಕ್ಕೆ ಸಮನಾದ ಶಾಕ್ ಅಬ್ಸಾರ್ಬರ್ ಹಾಕಿದರೂ ಬಿಲ್ ಇಟ್ಟುಕೊಳ್ಳಿ, ವಿಮೆ ಕಂಪನಿಗೆ ಲಿಖಿತವಾಗಿ ತಿಳಿಸಿ. ತೆಗೆದ ಕಂಪನಿ ಸ್ಪ್ರಿಂಗ್‌ಗಳಿಗೆ ಎಡ, ಬಲ ಎಂದು ಗುರುತು ಹಾಕಿ ಎತ್ತಿಡಿ. ಕಾರು ಮಾರುವಾಗ ಕೊಳ್ಳುವವರು ಮೊದಲು ಕೇಳುವುದು ಅವನ್ನೇ.