ಜುಲೈನಲ್ಲಿ ಸಾಲಮಾಂಕಾ: ಬೆಳಗಾವಿಯಿಂದ ಸ್ಪ್ಯಾನಿಷ್ ಕಲಿಯಲು ಹೊರಡುವವರಿಗೆ

ಸ್ಪೇನಿನಲ್ಲಿ ನಾಲ್ಕು ವಾರದ ಕೋರ್ಸ್ ಎಂದರೆ ಸಾಮಾನ್ಯವಾಗಿ ವಾರಕ್ಕೆ 20ರಂತೆ ಒಟ್ಟು 80 ಪಾಠ. ಒಂದೊಂದು ಪಾಠ ತಾಸಿಗಿಂತ ತುಸು ಕಡಿಮೆ. ಇಷ್ಟಕ್ಕಾಗಿ ವಿಮಾನ, ವಸತಿ, ವೀಸಾ ಎಂದು ಲಕ್ಷಗಟ್ಟಲೆ ಸುರಿದು, ಅಲ್ಲಿ ಹೋಗಿ ವಾರಗಳ ಹೆಸರು ಬಾಯಿಪಾಠ ಮಾಡುತ್ತ ಕುಳಿತರೆ ದುಡ್ಡು ದಂಡ. ಟಿಳಕವಾಡಿಯ ರೂಮಿನಲ್ಲಿ ಕಲಿಯಬಹುದಾದದ್ದನ್ನು ಇಲ್ಲೇ ಮುಗಿಸಿ. ಅಲ್ಲಿಗೆ ಹೋಗುವುದು ಬಾಯಿ ಬಿಡಿಸಿಕೊಳ್ಳಲು.

ಇಲ್ಲೇ ಮುಗಿಸಬೇಕಾದದ್ದು ಎ1 ಎಂಬ ಮೊದಲ ಹಂತ: ವರ್ತಮಾನ ಕಾಲದ ಕ್ರಿಯಾಪದಗಳು, ಅಂಕಿ, ಸಮಯ, ಊಟ-ಮನೆ-ಪೇಟೆಯ ಮಾತು. ಜನವರಿಯಲ್ಲಿ ಹಿಡಿದು ದಿನಕ್ಕೆ ಒಂದು ತಾಸು ಕೂತರೆ ಮೇ ಹೊತ್ತಿಗೆ ಆಗುತ್ತದೆ. ಬರೀ ಆ್ಯಪ್ ನೆಚ್ಚಬೇಡಿ. ಸ್ಪೇನ್ ಸರ್ಕಾರದ ಭಾಷಾ ಸಂಸ್ಥೆಯಾದ ಸೆರ್ವಾಂತೆಸ್ ಸಂಸ್ಥೆಯ ದೆಹಲಿ ಕೇಂದ್ರದ ಆನ್‌ಲೈನ್ ತರಗತಿಯೋ ಒಬ್ಬ ಶಿಕ್ಷಕರೋ ಬೇಕೇ ಬೇಕು, ಏಕೆಂದರೆ ತಪ್ಪು ಉಚ್ಚಾರವನ್ನು ಆ್ಯಪ್ ಹೆಚ್ಚಾಗಿ ಹಿಡಿಯುವುದಿಲ್ಲ.

ದಾರಿಯಲ್ಲಿ ಮೊದಲು ಅಡ್ಡ ಬರುವುದು ಪರೀಕ್ಷೆಯ ವೇಳಾಪಟ್ಟಿ. ವಿಟಿಯು ಇರಲಿ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಇರಲಿ, ಸಮ ಸೆಮಿಸ್ಟರಿನ ಪರೀಕ್ಷೆ ಮುಂದಕ್ಕೆ ಹೋದರೆ ಜುಲೈ ಮೊದಲ ವಾರ ಕೈತಪ್ಪುತ್ತದೆ. ಹಾಗಾಗಿ ಶುಲ್ಕ ಕಟ್ಟುವ ಮುಂಚೆ ಅಲ್ಲಿಯ ಶಾಲೆಗೆ ಎರಡು ಪ್ರಶ್ನೆ ಇಮೇಲಿನಲ್ಲಿ ಕೇಳಿ, ಉತ್ತರ ಬರಹದಲ್ಲೇ ಪಡೆಯಿರಿ: ಆರಂಭದ ದಿನ ಬದಲಿಸಿದರೆ ದಂಡ ಎಷ್ಟು? ವೀಸಾ ಸಿಗದಿದ್ದರೆ ಎಷ್ಟು ಹಣ ವಾಪಸ್? ಶಾಲೆಗೆ ಸೆರ್ವಾಂತೆಸ್ ಸಂಸ್ಥೆಯ ಮಾನ್ಯತೆ ಇದೆಯೇ ಎಂಬುದನ್ನೂ ನೋಡಿಕೊಳ್ಳಿ.

90 ದಿನದೊಳಗಿನ ಕೋರ್ಸಿಗೆ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ಆದ) ಅಲ್ಪಾವಧಿ ವೀಸಾ ಸಾಕು. ಶುಲ್ಕ 2024ರ ಜೂನ್‌ನಿಂದ 90 ಯೂರೊ, ವೀಸಾ ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45. ಬೇಸಿಗೆ ಹತ್ತಿರ ಬಂದಂತೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಆದ್ದರಿಂದ ಏಪ್ರಿಲ್ ದಾಟಿಸಬೇಡಿ. ಬೆರಳಚ್ಚು ಕೊಡಲು ಖುದ್ದು ಬೆಂಗಳೂರಿಗೆ ಹೋಗಬೇಕು. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೀರಿ. ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದು, ಷೆಂಗೆನ್ ದೇಶಗಳಿಗೆಲ್ಲ ಅನ್ವಯಿಸುವಂಥದ್ದು. ನೀವು ವಾಪಸಾಗುವ ದಿನದ ನಂತರವೂ ಮೂರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು.

ನಮ್ಮ ಭಾಗದ ಮಕ್ಕಳ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಬಹುತೇಕ ಆದಾಯದ ಕಾಗದದಲ್ಲಿ. ಅಪ್ಪ ಕಬ್ಬು ಬೆಳೆಗಾರ, ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ ಸಲ್ಲಿಸಿಯೇ ಇಲ್ಲ. ಕಾರ್ಖಾನೆಯ ಕಬ್ಬಿನ ಬಿಲ್ಲು ಜಮೆಯಾದ ಬ್ಯಾಂಕ್ ಖಾತೆಯ ವಿವರ, ಬಿಲ್ಲಿನ ಪ್ರತಿ, ಪಹಣಿ ಮತ್ತು ಅದರ ಇಂಗ್ಲಿಷ್ ಅನುವಾದ, ಖರ್ಚು ತಾವೇ ಭರಿಸುವುದಾಗಿ ಅಪ್ಪನ ಅಫಿಡವಿಟ್, ಇವನ್ನು ಒಟ್ಟಿಗೆ ಜೋಡಿಸಿ. ಅರ್ಜಿಯ ಹಿಂದಿನ ವಾರ ಕಾಕಾನಿಂದ ಐದು ಲಕ್ಷ ತಂದು ಖಾತೆಗೆ ಹಾಕಿದರೆ ಉಪಯೋಗಕ್ಕಿಂತ ಅನುಮಾನವೇ ಹೆಚ್ಚು. ಕಾಲೇಜಿನ ಪತ್ರದಲ್ಲಿ ಮುಂದಿನ ಸೆಮಿಸ್ಟರ್ ಶುರುವಾಗುವ ತಾರೀಖು ಬರೆಸಿ: ನೀವು ಮರಳಿ ಬರುತ್ತೀರಿ ಎಂಬುದಕ್ಕೆ ಅದೇ ಒಳ್ಳೆಯ ಪುರಾವೆ.

ಹೆಸರಿನದೂ ಒಂದು ತೊಡಕು. ಸ್ಪೇನಿನಲ್ಲಿ ಪ್ರತಿಯೊಬ್ಬರಿಗೂ ಎರಡು ಅಡ್ಡಹೆಸರು, ಮೊದಲನೆಯದೇ ಮುಖ್ಯ. ರಾಹುಲ ಬಸವರಾಜ ಪಾಟೀಲ ಎಂದಿದ್ದರೆ ಅಲ್ಲಿಯವರ ಪಟ್ಟಿಯಲ್ಲಿ ಬಸವರಾಜ ಎಂಬಲ್ಲಿ ಸೇರಿರಬಹುದು. ಪಾಟೀಲ ಎಂಬಲ್ಲಿ ಹುಡುಕಿ ಹೆಸರೇ ಇಲ್ಲವೆಂದು ಗಾಬರಿಯಾಗಬೇಡಿ.

ಊರು ಯಾವುದು? ಮೊದಲ ಸಲಕ್ಕೆ ಸಾಲಮಾಂಕಾ ಅಥವಾ ವಲ್ಯಾದೊಲಿದ್ ಒಳ್ಳೆಯದು. ಬಾರ್ಸೆಲೋನಾದಲ್ಲಿ ಫಲಕಗಳು, ಮಾತು ಅರ್ಧಕ್ಕರ್ಧ ಅಲ್ಲಿಯ ಸ್ಥಳೀಯ ಭಾಷೆ ಕಾತಲಾನ್. ದಕ್ಷಿಣದ ಸೆವಿಯಾದ ಕಡೆ ಪದದ ಕೊನೆಯ ‘ಸ್’ ನುಂಗುತ್ತಾರೆ, ಹೊಸಬರಿಗೆ ಕಿವಿಗೆ ಸಿಗುವುದಿಲ್ಲ. ಜುಲೈನಲ್ಲಿ ಅಲ್ಲಿ 40 ಡಿಗ್ರಿಯ ಬಿಸಿಲು ಬೇರೆ. ಸಾಲಮಾಂಕಾ ಹೆಚ್ಚುಕಡಿಮೆ ಬೆಳಗಾವಿಯಷ್ಟೇ ಎತ್ತರದಲ್ಲಿದೆ, ಹಗಲು ಎಷ್ಟೇ ಸುಟ್ಟರೂ ರಾತ್ರಿ ತಂಪು. 1218ರಲ್ಲಿ ಶುರುವಾದ ವಿಶ್ವವಿದ್ಯಾಲಯವಿರುವ ಊರು. ಮ್ಯಾಡ್ರಿಡ್‌ನಿಂದ ಬಸ್ಸಿಗೆ ಎರಡೂವರೆ-ಮೂರು ತಾಸು.

ಇನ್ನು ಉಚ್ಚಾರ. ಕನ್ನಡದವರಿಗೆ ಅರ್ಧ ಕೆಲಸ ಆಗಲೇ ಮುಗಿದಿದೆ: ಸ್ಪ್ಯಾನಿಷಿನ ತ, ದ, ಪ, ಕ ನಮ್ಮವೇ, ಞ ಕೂಡ ಇದೆ. ಎಡವುವುದು ಮೂರು ಕಡೆ. ಒಂದು, ಪದದ ಮೊದಲಿನ ಎ, ಒ. ‘ಎಲ್ಲಿ’ಯನ್ನು ‘ಯೆಲ್ಲಿ’ ಅನ್ನುವ ಅಭ್ಯಾಸದಲ್ಲಿ ‘ಎಸೊ’ (ಅದು) ಹೋಗಿ ‘ಯೆಸೊ’ ಆಗುತ್ತದೆ. ಯೆಸೊ ಎಂದರೆ ಜಿಪ್ಸಂ. ಎರಡು, ಕೊನೆಯ ವ್ಯಂಜನಕ್ಕೆ ಉ ಅಂಟಿಸುವುದು. ಬಸ್ಸು, ಕಾರು ಎಂದಂತೆ ‘ಸೆಞೋರು’ ಎನ್ನಬಾರದು. ‘ಸೆಞೋರ್’ ಎಂದು ಅಲ್ಲೇ ಬಾಯಿ ಮುಚ್ಚಿ. ಮೂರನೆಯದೇ ದೊಡ್ಡದು, ಒತ್ತು. ‘ಆಬ್ಲೊ’ ಎಂದು ಮೊದಲ ಅಕ್ಷರ ಒತ್ತಿದರೆ ‘ಮಾತಾಡುತ್ತೇನೆ’, ಕೊನೆಯದನ್ನು ಒತ್ತಿ ‘ಅಬ್ಲೋ’ ಎಂದರೆ ‘ಅವನು ಮಾತಾಡಿದ’. ನಮ್ಮ ಬಾಯಿ ಎಲ್ಲ ಅಕ್ಷರವನ್ನೂ ಸಮನಾಗಿ ನುಡಿಯುತ್ತದೆ, ಕೇಳುವವರಿಗೆ ಯಾವುದೆಂದು ತಿಳಿಯದು. ಹೊಸ ಪದ ಬರೆದುಕೊಳ್ಳುವಾಗಲೇ ಒತ್ತಿನ ಅಕ್ಷರಕ್ಕೆ ಗೆರೆ ಎಳೆಯಿರಿ. ವಸ್ತುಗಳಿಗೂ ಗಂಡು-ಹೆಣ್ಣು ಇರುವುದು ಕನ್ನಡ ಮಾತ್ರ ಬಲ್ಲವರಿಗೆ ತಲೆನೋವು. ಮನೆಯಲ್ಲೋ ಓಣಿಯಲ್ಲೋ ಮರಾಠಿ ಆಡುವವರಿಗೆ ವಿಚಿತ್ರವೇ ಅಲ್ಲ.

ಮೊದಲ ದಿನ ಹಂತ ಪರೀಕ್ಷೆ ಇರುತ್ತದೆ. ನಮ್ಮವರು ವ್ಯಾಕರಣದಲ್ಲಿ ಅಂಕ ಬಾಚಿ ಮೇಲಿನ ತರಗತಿಗೆ ಹೋಗಿ, ಅಲ್ಲಿ ಮೂಕರಾಗಿ ಕೂರುತ್ತಾರೆ. ಎರಡು ದಿನದಲ್ಲಿ ಹಿಡಿತ ಸಿಗದಿದ್ದರೆ ಕೆಳಗಿನ ತರಗತಿ ಕೇಳಿ, ಬದಲಿಸಿಕೊಡುತ್ತಾರೆ. ಹಾಸ್ಟೆಲಿಗಿಂತ ಕುಟುಂಬದ ಜೊತೆ ವಸತಿ ಮೇಲು, ಆದರೆ ಹೊತ್ತು ನಮ್ಮದಲ್ಲ: ಮಧ್ಯಾಹ್ನದ ಊಟ ಎರಡರಿಂದ ಮೂರಕ್ಕೆ, ರಾತ್ರಿಯದು ಒಂಬತ್ತರ ಮೇಲೆ. ಜುಲೈನಲ್ಲಿ ಸೂರ್ಯ ಮುಳುಗುವುದೇ ಹತ್ತರ ಸುಮಾರಿಗೆ. ಭಾಷೆ ಬರುವುದು ಆ ರಾತ್ರಿಯೂಟದಲ್ಲಿ, ಮೊಬೈಲ್ ಕೋಣೆಯಲ್ಲೇ ಬಿಡಿ.

ಶಾಕಾಹಾರಿಗಳು ಬರೀ ‘ಮಾಂಸ ತಿನ್ನುವುದಿಲ್ಲ’ ಎಂದರೆ ತಟ್ಟೆಗೆ ಮೀನೋ ಹಂದಿಯ ಹಮೋನೋ ಬರುತ್ತದೆ. ಅದು ಅವರ ಲೆಕ್ಕದಲ್ಲಿ ಬೇರೆ. ‘ನೋ ಕೋಮೊ ಕಾರ್ನೆ, ನಿ ಪೋಯೊ, ನಿ ಪೆಸ್ಕಾದೊ, ನಿ ಹಮೋನ್’ (ಮಾಂಸ, ಕೋಳಿ, ಮೀನು, ಹಮೋನ್ ಯಾವುದೂ ತಿನ್ನುವುದಿಲ್ಲ) ಎಂದು ಪೂರ್ತಿ ಹೇಳಿ. ಮೊಟ್ಟೆ ಬೇಡವಾದರೆ ‘ನಿ ವೇವೋಸ್’ ಸೇರಿಸಿ, ಏಕೆಂದರೆ ಆಲೂಗಡ್ಡೆಯ ತೋರ್ತಿಯಾದಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಬೇಳೆ ಕಂಡು ಖುಷಿಪಡುವ ಮುಂಚೆ ಕೇಳಿ, ಲೆಂತೇಹಾಸ್ ಎಂಬ ಬೇಳೆಯ ಅಡುಗೆಯಲ್ಲಿ ಚೋರಿಸೊ (ಹಂದಿಮಾಂಸದ ಸಾಸೇಜ್) ಹಾಕಿರುತ್ತಾರೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಿರಿ. ಕುಂದಾ ಬೇಡ: ಹೊರದೇಶದಿಂದ ಹಾಲಿನ ಪದಾರ್ಥ ತರಲು ಐರೋಪ್ಯ ಒಕ್ಕೂಟ ಬಿಡುವುದಿಲ್ಲ. ಮನೆಯವರಿಗೆ ಉಡುಗೊರೆ ಎಂದು ಗುಳೇದಗುಡ್ಡದ ಖಣ ಒಯ್ದರೆ ಹಗುರ, ಕೆಡುವುದೂ ಇಲ್ಲ.

ಪ್ರಮಾಣಪತ್ರ ಬೇಕಿದ್ದರೆ ಶಾಲೆಯ ಹಾಜರಾತಿ ಪತ್ರವನ್ನೇ ನಂಬಬೇಡಿ. ಸ್ಪ್ಯಾನಿಷ್ ಎಷ್ಟು ಬರುತ್ತದೆ ಎಂದು ಅಳೆಯಲು ಎರಡು ಪರೀಕ್ಷೆಗಳಿವೆ, ಡೆಲೆ ಮತ್ತು ಸಿಯೆಲೆ. ಡೆಲೆ ನಿಗದಿತ ದಿನಗಳಲ್ಲಿ ಮಾತ್ರ, ಪತ್ರ ಶಾಶ್ವತ. ಸಿಯೆಲೆ ಗಣಕದ ಮೇಲೆ ನಡೆಯುತ್ತದೆ, ದಿನ ನೀವೇ ಆರಿಸಬಹುದು, ಫಲಿತಾಂಶ ಐದು ವರ್ಷ ಚಾಲ್ತಿ. ಕೋರ್ಸ್ ಮುಗಿದ ವಾರದಲ್ಲೇ, ನಾಲಿಗೆ ಇನ್ನೂ ಹೊರಳುತ್ತಿರುವಾಗ ಬರೆದುಬಿಡಿ.